ಎರಡನೇ ಸಲ ಪೂಜೆಗೆ ಕೂತಾಗ

ಮಹಾದೇವಿ,

ಸ್ಟೇಷನ್ ತನಕ ನಡೆದು ವಾಪಸ್ ಬರುತ್ತೇನೆ. ಹಿಟ್ಟು ಮುಟ್ಟಬೇಡ, ರೊಟ್ಟಿ ನಾನೇ ಬಡಿಯುತ್ತೇನೆ.

ನಿನ್ನೆ ನಾನು ಎರಡನೇ ಸಲ ಲಿಂಗಪೂಜೆಗೆ ಕೂತದ್ದನ್ನು ನೋಡಿಯೂ ನೀನು ಸುಮ್ಮನಿದ್ದೆ. ಹಣೆಗೆ ಕೈ ಒಯ್ದಾಗ ಮೊದಲೇ ವಿಭೂತಿ ಇತ್ತು. ಇನ್ನು ಮುಂದೆ ‘ಅವ್ವಾ, ಪೂಜಿ ಆಗೇದ, ಏಳು’ ಅಂತ ಬಾಯಿಬಿಟ್ಟು ಹೇಳು. ನಾನು ಸಿಟ್ಟು ಮಾಡಿದರೂ ಹೇಳು.

ನಿಮ್ಮಜ್ಜಿಗೆ, ನನ್ನ ಅವ್ವನಿಗೆ, ಮರೆವು ಶುರುವಾದಾಗ ಮನೆಯವರು ಮರುಕದಿಂದ ಕೆಲಸ ಬಿಡಿಸಿದರು, ಆಮೇಲೆ ಮಾತೂ ಕಡಿಮೆ ಮಾಡಿದರು. ಆಕೆ ಬೇಗ ಕರಗಿದಳು. ರಕ್ತದಲ್ಲಿ ಬಂದದ್ದು ನಮ್ಮ ಕೈಯಲ್ಲಿಲ್ಲ, ನಡಿಗೆ, ಮಾತು, ನಿದ್ದೆ ನಮ್ಮ ಕೈಯಲ್ಲಿವೆ ಅಂತಾರೆ ಡಾಕ್ಟರು.

ನಿದ್ದೆಗೆಟ್ಟು ಮೊಬೈಲ್ ನೋಡುವ ನೀನೂ ಅದೇ ರಕ್ತದವಳು, ಮಗಳೇ. ನನ್ನ ಪಾಲಿಗೆ ಶಿವ ಇಟ್ಟದ್ದನ್ನು ಉಣ್ಣುತ್ತೇನೆ. ನಿನ್ನ ಪಾಲಿನದನ್ನು ನೋಡಿಕೊಂಡು ನಾನು ಸುಮ್ಮನಿರಲಾರೆ.

ಅವ್ವ