ಸೈಕಲ್ಲಿನ ಸತ್ತ

ಅವಿನಾಶಿ ಪಕ್ಕದ ನಮ್ಮೂರು,
೨೦ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ತಿರುಮೂರ್ತಿ,

ಹೋದ ಪೊಂಗಲ್‌ಗೆ ಊರಿಗೆ ಬಂದಾಗ, ಸಬ್‌ವೇ ಪಕ್ಕದ ಟೀ ಅಂಗಡಿಯ ಮುಂದೆ, ಊರವರೆಲ್ಲ ಕೇಳುವಂತೆ ನೀನು ಹೂವಿನ ಸಾಂತಿಯ ಮೇಲೆ ಹೊರಿಸಿದ ಮಾತು ಸುಳ್ಳು. ಇದನ್ನು ಮೊದಲೇ ಬರೆದುಬಿಟ್ಟೆ. ಕುಶಲ ಕೇಳುತ್ತ ಕೂತರೆ ನನ್ನ ಕೋಪ ಆರಿಹೋಗುತ್ತದೆ, ನಿನಗೆ ಗೊತ್ತು. ಈಗ ಕೇಳುತ್ತೇನೆ: ನಿನ್ನ ಬೆನ್ನುನೋವು ಹೇಗಿದೆ? ಮೈಸೂರಿನಲ್ಲಿ ಬಿಸಿಲು ನಮ್ಮಷ್ಟು ಇರಲಾರದು. ನಿನ್ನ ಹೆಂಡತಿ ಭೂಮಿಗೆ ಆವತ್ತು ಫೋನಿನಲ್ಲಿ ಗಾಬರಿಯಾಗಿ ತಲೆಸುತ್ತು ಬಂದಿತ್ತಂತೆ, ಈಗ ಸರಿಹೋಯಿತೇ? ಪಾಪ, ಅವಳದೇನೂ ತಪ್ಪಿಲ್ಲ ಅಂತ ಹೇಳು. ನಿನ್ನ ಭಾವ ಚೆನ್ನಾಗಿದ್ದಾರೆ. ಸಕ್ಕರೆ ಕಾಯಿಲೆಯವರು ಮಾವಿನಹಣ್ಣು ತಿನ್ನಬಾರದು ಅಂದರೆ, ಇದು ಹಣ್ಣಲ್ಲ ಹೋಳು ಅನ್ನುತ್ತಾರೆ. ನಾನು ಮಾತ್ರ ದಣಿದಿದ್ದೇನೆ ಕಣೋ. ನಿದ್ದೆ ಮಾಡಿ ಎದ್ದರೆ ಹೋಗುವ ದಣಿವಲ್ಲ ಇದು.

ಕನ್ನಡದಲ್ಲಿ ಬರೆಯುತ್ತಿರುವುದು ಯಾಕೆ ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ಅಪ್ಪ ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ತಮಿಳು ಶಾಲೆಯಲ್ಲಿ ಕಲಿಸದ ಈ ಅಕ್ಷರಗಳನ್ನು ಬೂದಿಯ ಮೇಲೆ ತಿದ್ದಿಸಿದರು. ಮನೆಯಲ್ಲಿ ಆಡುವ ಮಾತಿಗೆ ಒಂದು ಮುಖ ಇರಬೇಕು ಅನ್ನುತ್ತಿದ್ದರು. ಇವತ್ತು ಈ ಊರಿನಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ. ನನ್ನ ಮಗ ಕಾರ್ತಿಯೇ ಕಾಗದ ನೋಡಿ "ಏನಮ್ಮಾ, ಜಿಲೇಬಿ ಹಾಕ್ತಾ ಇದ್ದೀಯಾ?" ಅಂತ ನಕ್ಕು ಹೋದ. ಅಕ್ಕ ತಮ್ಮನಿಗೆ ಹೇಳುವುದು ಅಕ್ಕ ತಮ್ಮನ ನಡುವೆಯೇ ಇರಲಿ ಅಂತ ಈ ಲಿಪಿ ಹಿಡಿದೆ. ಬರೆಯುತ್ತ ಬರೆಯುತ್ತ ಅದೂ ಸರಿಯೇ ಅಂತ ಅನುಮಾನ ಬರುತ್ತಿದೆ.

ನೆನಪಿದೆಯಾ, ಮೊದಲು ಅಲ್ಲಿ ರೈಲ್ವೆ ಗೇಟಿತ್ತು. ರೈಲು ಹೋದ ಮೇಲೂ ಗೇಟಿನವರು ಬೀಡಿ ಮುಗಿಯುವವರೆಗೆ ಎತ್ತುತ್ತಿರಲಿಲ್ಲ. ಗೇಟು ಎತ್ತುವುದಿಲ್ಲ ಎಂದು ನಾನು ಪತ್ರಿಕೆಗೆ ಬರೆದೆ. ಕೆಲವು ವರ್ಷ ಬಿಟ್ಟು ಗೇಟನ್ನೇ ಎತ್ತಿಬಿಟ್ಟರು! ಹಳಿಯ ಕೆಳಗೆ ಸಬ್‌ವೇ ಬಂತು. ಅದರ ನೀರು ಹೊರಗಿನ ಹಳ್ಳಕ್ಕೆ ಹೋಗುವ ಪೈಪಿನ ಕೆಲಸ ಒಬ್ಬ ದೊಡ್ಡ ಕಂಟ್ರಾಕ್ಟರಿನ ಕೈಕೆಳಗೆ ನಿನಗೆ ಸಿಕ್ಕಿತು. ನಮ್ಮ ಹುಡುಗ ಹಾಕಿದ ಪೈಪು ಅಂತ ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ನೀನು ಮೈಸೂರಿಗೆ ಹೋದೆ. ಹೋದ ದೀಪಾವಳಿಯ ಐಪ್ಪಸಿ ತಿಂಗಳ ಮಳೆಗೆ ಸಬ್‌ವೇ ತುಂಬಿತು, ನೀರು ಇಂದಿನವರೆಗೂ ಇಳಿದಿಲ್ಲ. ಈ ಚಿತ್ರೆ ತಿಂಗಳ ಬಿಸಿಲಿನಲ್ಲೂ ಕರಿನೀರು ಮೊಣಕಾಲಿನವರೆಗೆ ನಿಂತಿದೆ. ಬನಿಯನ್ ಕಂಪನಿಗೆ ಹೋಗುವ ಹೆಂಗಸರು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಊಟದ ಚೀಲದಲ್ಲಿಟ್ಟು ದಾಟುತ್ತಾರೆ. ರೈಲ್ವೆಗೆ ಬರೆದೆ, ಪಂಚಾಯತಿಗೆ ಹೋಗು ಅಂದರು. ಪಂಚಾಯತಿಗೆ ಬರೆದೆ, ರೈಲ್ವೆಗೆ ಹೋಗು ಅಂದರು. ಪೊಂಗಲ್‌ಗೆ ನೀನು ಬಂದಾಗ ಟೀ ಅಂಗಡಿಯಲ್ಲಿ ಎಲ್ಲರೂ ನಿನ್ನನ್ನೇ ಕೇಳಿದರು. ನೀನು ಗ್ಲಾಸು ಕೈಯಲ್ಲಿ ಹಿಡಿದು ತಮಿಳಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: ನಾನು ಹಾಕಿದ ಪೈಪಿನಲ್ಲಿ ಕರು ತೂರಿ ಹೋಗಬಹುದು, ಸಬ್‌ವೇ ಬಾಯಲ್ಲಿ ಕೂತು ಹೂ ಕಟ್ಟುತ್ತಾಳಲ್ಲ, ಅವಳ ಬಾಳೆನಾರೆಲ್ಲ ಪೈಪಿನ ಬಾಯಿಯ ಜಾಲರಿಗೆ ಸುತ್ತಿಕೊಂಡು ಕೂತಿದೆ, ಅವಳನ್ನು ಕೇಳಿ.

ಅವಳನ್ನು ಯಾರೂ ಕೇಳಲಿಲ್ಲ. ಅವಳ ಬೆಂಚನ್ನು ಎತ್ತಿ ಬಿಸಾಡಿದರು. ಗಂಡ ಸತ್ತ ಮೇಲೆ ಅದೊಂದು ಬೆಂಚಿನ ಮೇಲೆ ಕೂತು ಮಗಳನ್ನು ಓದಿಸಿದವಳು. ಈಗ ಬುಟ್ಟಿ ಹೊತ್ತು ಅವಿನಾಶಿ ಬಸ್‌ಸ್ಟ್ಯಾಂಡಿಗೆ ನಡೆಯುತ್ತಾಳೆ, ಅಲ್ಲಿನ ಹೂವಿನವರು ಇವಳನ್ನು ನಿಲ್ಲಲು ಬಿಡುವುದಿಲ್ಲ. ಊರ ಹೆಂಗಸರು ನೀರು ದಾಟುವಾಗ ಈಗಲೂ ಅವಳ ಹೆಸರು ಹಿಡಿದು ಬೈಯುತ್ತಾರೆ. ನಾನು ಒಂದು ದಿನ ಸಾಂತಿಯನ್ನು ತಡೆದು ಕೇಳಿದೆ, ನಿನಗೆ ಕೋಪ ಬರುವುದಿಲ್ಲವೇನೇ ಅಂತ. "ಉಂಗ ತಂಬಿ ಪಡಿಚ್ಚವರುಂಗ ಅಕ್ಕಾ, ಅವರು ಸೊನ್ನಾ ಸರಿಯಾತ್ತಾ ಇರುಕ್ಕುಂ" ಅಂದಳು. ಓದಿದವರು ನಿಮ್ಮ ತಮ್ಮ, ಅವರು ಹೇಳಿದರೆ ಸರಿಯಾಗೇ ಇರುತ್ತದಂತೆ. ನಾರನ್ನು ಅವಳು ಬುಟ್ಟಿಯಲ್ಲೇ ಸುತ್ತಿಟ್ಟು ಮನೆಗೆ ಒಯ್ಯುತ್ತಿದ್ದಳಂತೆ, ಆದರೂ ಎಲ್ಲೋ ಒಂದೆಳೆ ಜಾರಿರಬಹುದು ಅಂತ ತನ್ನನ್ನೇ ಬೈದುಕೊಂಡಳು. ನನಗೂ ಆಗ ನಿನ್ನ ಮೇಲೆ ನಂಬಿಕೆ. ಸುಮ್ಮನೆ ಮನೆಗೆ ಬಂದೆ.

ಇನ್ನು ಸೈಕಲ್ಲಿನ ಕಥೆ. ಕಾರ್ತಿಯ ಬೈಕಿನ ಎಂಜಿನ್ನಿಗೆ ಸಬ್‌ವೇ ನೀರು ನುಗ್ಗಿ ಕೆಟ್ಟು ಕೂತ ಮೇಲೆ ಅವನು ನಿನ್ನ ಭಾವನ ಹಳೆ ಸೈಕಲ್ ಇಳಿಸಿಕೊಂಡ. ನೀರು ಜಾಸ್ತಿಯಾದರೆ ಹೆಗಲ ಮೇಲೆ ಹೊತ್ತು ದಾಟಬಹುದಲ್ಲ. ತಿಂಗಳೊಪ್ಪತ್ತಿನಲ್ಲಿ ಅದು ಕಿರುಗುಟ್ಟಲು ಶುರುವಾಯಿತು. ತುಳಿದಾಗೆಲ್ಲ ಕಿರ್ರ್, ಟಕ್. ಅವನು ಬೀದಿ ತಿರುವಿನಲ್ಲಿರುವಾಗಲೇ ನಾನು ದೋಸೆಗೆ ಹೆಂಚು ಇಡುತ್ತಿದ್ದೆ. ನಿನ್ನ ಭಾವ, "ಎಣ್ಣೆ ಸೈಕಲ್ಲಿಗೆ ಯಾಕೆ, ನಿನ್ನ ಮಗನ ಮಂಡಿಗೆ ಬಿಡು" ಅಂದರು. ಚೈನಿಗೆ ಎಣ್ಣೆ ಬಿಟ್ಟೆವು, ನಿಲ್ಲಲಿಲ್ಲ. ಸೀಟಿನ ಕಂಬ ತೆಗೆದು ಒರೆಸಿ ಗ್ರೀಸ್ ಹಚ್ಚಿದೆವು, ಇಲ್ಲ. ಪೆಡಲನ್ನೇ ಬದಲಾಯಿಸಿದೆವು. ಒಂದು ಹಗಲು ಸುಮ್ಮನಿದ್ದು ಮತ್ತೆ ಶುರು ಮಾಡಿತು. ಅವಿನಾಶಿಯ ಅಂಗಡಿಗೆ ಕೊಂಡುಹೋದರೆ ಅವರು ಅದನ್ನು ಮುಟ್ಟಿಯೂ ನೋಡದೆ, ಗೇರ್ ಇರುವ ಹೊಸ ಸೈಕಲ್ ತೋರಿಸಿದರು. ಸಿಟ್ಟು ಬಂತು. ಶಬ್ದ ಎಲ್ಲಿಂದ ಬರುತ್ತದೆ ಅಂತ ನೋಡದೆ ಕೈಗೆ ಸಿಕ್ಕಿದ್ದನ್ನು ದೂರುವುದು ಯಾವ ನ್ಯಾಯ? ಬೇವಿನ ಕೆಳಗೆ ನಿಂತು ಕಾರ್ತಿಯನ್ನು ಬೀದಿಯುದ್ದಕ್ಕೂ ಓಡಿಸಿದೆ. ಸೀಟು ಬಿಟ್ಟು ಎದ್ದು ನಿಂತು ತುಳಿ ಅಂದೆ. ಆಗಲೂ ಕಿರುಗುಟ್ಟಿತು, ಹಾಗಾದರೆ ಸೀಟಲ್ಲ. ತುಳಿಯದೆ ಹಾಗೇ ಉರುಳಲು ಬಿಡು ಅಂದೆ. ಸದ್ದಿಲ್ಲ, ಹಾಗಾದರೆ ಚಕ್ರವೂ ಅಲ್ಲ. ಕೊನೆಗೆ ಸೈಕಲ್ ನಿಲ್ಲಿಸಿ ಪೆಡಲಿನ ಕೈಯನ್ನು ಹಿಡಿದು ಅಡ್ಡಡ್ಡ ಅಲುಗಾಡಿಸಿದರೆ, ಹಲ್ಲು ಅಲುಗಿದ ಹಾಗೆ ಲೊಡಕ್ ಎಂದಿತು. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ಹೊಟ್ಟೆಯೊಳಗೆ ತಿರುಗುವ ಅಚ್ಚು ಇದೆಯಲ್ಲ, ನೀನು ಬಿ.ಬಿ. ಅನ್ನುತ್ತಿದ್ದೆ, ಅದೇ. ಸದ್ದು ಮಾತ್ರ ಒಮ್ಮೆ ಸೀಟಿನಿಂದ, ಒಮ್ಮೆ ಪೆಡಲಿನಿಂದ ಬಂದ ಹಾಗೆ ಕೇಳುತ್ತಿತ್ತು. ಕಬ್ಬಿಣ ಸದ್ದನ್ನು ಎಲ್ಲಿಂದ ಎಲ್ಲಿಗೋ ಕೊಂಡೊಯ್ಯುತ್ತದೆ.

ಹೊಸ ಅಚ್ಚು, ಅದನ್ನು ಎರಡೂ ಕಡೆ ಹಿಡಿಯುವ ಬಟ್ಟಲು, ಬೇರಿಂಗ್ ಗುಂಡು ತರಿಸಿ, ಹೋದ ಭಾನುವಾರ ಬಿಚ್ಚಲು ಕೂತೆವು. ಪೆಡಲಿನ ಕೈಗಳ ಪಿನ್ನನ್ನು ಮರದ ತುಂಡು ಇಟ್ಟು ಬಡಿದು ಹೊರಡಿಸಿದೆವು. ಎಡಗಡೆಯ ಬಟ್ಟಲು ಬಂತು. ಅದರ ಹಿಂದೆಯೇ ಸಬ್‌ವೇಯ ಕರಿನೀರು ತೊಟ್ಟಿಕ್ಕಿತು, ಅದೇ ವಾಸನೆ. ಗುಂಡುಗಳು ತುಕ್ಕು ಹಿಡಿದು ಮೆಣಸಿನ ಕಾಳಿನಂತಾಗಿದ್ದವು. ಬಲಗಡೆಯದು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ನಿನ್ನ ಭಾವ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಲ ಹಾಕಿದಷ್ಟೂ ಇನ್ನೂ ಬಿಗಿಯಾಯಿತು. "ಏನುಂಗ, ಮೆಲ್ಲಗೆ, ಸೊಂಟ ಬಿಚ್ಚೀತು" ಅಂದೆ. ಈ ಕೆಲಸದಲ್ಲಿ ನೀನು ಗಟ್ಟಿಗ, ಕಾಲೇಜಿಗೆ ಹೋಗುವಾಗ ಬೀದಿಯ ಸೈಕಲ್ಲೆಲ್ಲ ನಿನ್ನ ಕೈಯಲ್ಲೇ ಬಿಚ್ಚಿಕೊಂಡಿದ್ದು. ಕೇಳೋಣ ಅಂತ ಫೋನು ಮಾಡಿದೆ. ಭೂಮಿ ಎತ್ತಿದಳು. ನಾನು ನಮ್ಮ ಮನೆಮಾತಿನಲ್ಲೇ, "ಭೂಮೀ, ಕಾರ್ತಿ ಸೈಕಲ್ಲಲ್ಲಿ ಸತ್ತ" ಅಂದೆ. ಬತ್ತಾದೆ ಅಂತ ಮಾತು ಮುಗಿಸುವ ಮೊದಲೇ ಲೈನು ಕಟ್ಟಾಯಿತು. ತಮಿಳಿನ ಸತ್ತಂ ನಮ್ಮ ಬಾಯಲ್ಲಿ ಬಾಲ ಕಳೆದುಕೊಂಡು ಸತ್ತ ಆಗಿ ಎಷ್ಟು ತಲೆಮಾರಾಯಿತೋ! ನಮಗೆ ಅದು ಸದ್ದು. ಹಾಸನದಲ್ಲಿ ಹುಟ್ಟಿದ ಹುಡುಗಿಗೆ ಅದು ಸಾವು.

ನೀನು ಮರಳಿ ಫೋನು ಮಾಡಿದೆ. ನಾನು ಹಲೋ ಅನ್ನುವ ಮುಂಚೆಯೇ ನೀನು ಅಳುತ್ತಿದ್ದೆ. "ಅಕ್ಕಾ, ಸಬ್‌ವೇಲೇನಾ? ಆ ನೀರಲ್ಲೇನಾ? ನಾನ್ ಆವತ್ತೇ ಕಂಟ್ರಾಕ್ಟರಿಗೆ ಹೇಳ್ದೆ ಅಕ್ಕಾ, ಪೈಪು ಹಳ್ಳಕ್ಕೆ ಸೇರಿಲ್ಲ, ಗೋಡೆ ತನಕ ತಂದು ಬಿಟ್ಟಿದ್ದೀವಿ, ಮುಚ್ಚಬೇಡಿ ಅಂತ. ಬಿಲ್ ಆಗ್ಲಿ ಮುಚ್ಚು ಅಂದ್ರು ಅಕ್ಕಾ." ನನಗೆ ಮೊದಲು ತಿಳಿಯಲೇ ಇಲ್ಲ. "ಯಾವ ಸಬ್‌ವೇ ಕಣೋ? ಸೈಕಲ್ಲಿನ ಬಿ.ಬಿ. ಸತ್ತ ಬತ್ತಾದೆ, ಬಲಗಡೆ ಬಟ್ಟಲು ಬಿಚ್ಚಕ್ಕೆ ಆಗ್ತಾ ಇಲ್ಲ, ಕಾರ್ತಿ ಇಲ್ಲೇ ಕೂತು ಮಾವಿನಕಾಯಿ ಕಚ್ತಾ ಅವ್ನೆ" ಅಂತ ನಕ್ಕುಬಿಟ್ಟೆ. ನೀನು ನಗಲಿಲ್ಲ. ಆಮೇಲೆ, "ಬಲಗಡೆಯದು ಉಲ್ಟಾ ಥ್ರೆಡ್ ಅಕ್ಕಾ, ಬಿಗಿ ಮಾಡೋ ಕಡೆಗೆ ತಿರುಗಿಸಿದರೆ ಬಿಚ್ಚುತ್ತೆ" ಅಂತ ಹೇಳಿ ನೀನು ಫೋನು ಇಟ್ಟುಬಿಟ್ಟೆ. ಆ ಕಡೆ ತಿರುಗಿಸಿದೆವು, ಬಂತು. ಹೊಸ ಗುಂಡು ಗ್ರೀಸಿನಲ್ಲಿ ಕೂರಿಸಿ, ಹೊಸ ಅಚ್ಚು ಹಾಕಿ, ಕೈಯಲ್ಲಿ ಸಡಿಲವೂ ಬಿಗಿಯೂ ಇಲ್ಲದ ಹಾಗೆ ಬಟ್ಟಲು ಕೂರಿಸಿದೆವು. ಈಗ ಸೈಕಲ್ಲಿಗೆ ಸದ್ದೇ ಇಲ್ಲ. ಕಾರ್ತಿ ಬಂದದ್ದು ತಿಳಿಯದೆ ದೋಸೆ ತಡವಾಗುತ್ತದೆ.

ನಿನ್ನನ್ನು ಯಾರೂ ಸಬ್‌ವೇಯ ಬಗ್ಗೆ ಕೇಳಿರಲಿಲ್ಲ ತಿರುಮೂರ್ತಿ. ಸಾವು ಅಂದ ಕೂಡಲೇ ಅದು ಎಲ್ಲಾಗಿರಬಹುದು ಅಂತ ನಿನಗೆ ಮೊದಲೇ ಗೊತ್ತಿತ್ತು. ಸೋಮವಾರ ನಾನೂ ನಿನ್ನ ಭಾವನೂ ಹಾರೆ ಹಿಡಿದು ಹಳ್ಳದ ಕಡೆಗೆ ಇಳಿದೆವು. ಮುಳ್ಳು ಸರಿಸಿ, ಮಣ್ಣು ಕೆರೆದು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ತಟ್ಟಿ ನೋಡಿದೆವು. ತೂತೇ ಇಲ್ಲ. ಕರು ತೂರುವುದಿರಲಿ, ಇರುವೆ ಹೋಗುವ ಜಾಗವೂ ಇಲ್ಲ. ನಿನ್ನ ಭಾವ ಅಲ್ಲೇ ಕಲ್ಲಿನ ಮೇಲೆ ಕೂತು, "ಬಿಡು ಪೆರಿಯನಾಯಕಿ, ನಮ್ಮ ಹುಡುಗ" ಅಂದರು. ನಮ್ಮ ಹುಡುಗ ಅನ್ನುವುದೇ ನನಗೆ ಭಾರವಾಗಿದೆ. ಮುಚ್ಚು ಎಂದವರ ಮಾತು ನೀನು ಕೇಳಿದೆ, ಅದು ನಿನ್ನ ಅಂದಿನ ಬಡತನ, ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಪೊಂಗಲ್ ದಿನ ಟೀ ಗ್ಲಾಸು ಹಿಡಿದು ನಿಂತಾಗ ನಿನ್ನ ಹಿಂದೆ ಯಾವ ಕಂಟ್ರಾಕ್ಟರೂ ಇರಲಿಲ್ಲ. ಒಬ್ಬ ಹೆಂಗಸಿನ ಬಾಳೆನಾರು ಕಣ್ಣಿಗೆ ಬಿತ್ತು, ಅಷ್ಟೆ.

ಭೂಮಿಗೆ ನನ್ನ ಪ್ರೀತಿ. ಬರುವ ಸಲ ಅವಳಿಗೆ ನಮ್ಮ ಮಾತು ನಾಲ್ಕು ಕಲಿಸುತ್ತೇನೆ, ಎದೆ ಗಟ್ಟಿಯಾಗಲಿ. ಬೆನ್ನಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನೀನು ನೂರು ಕಾಲ ಬಾಳು. ಅಕ್ಕ ಹೀಗೆ ಬೈದಳು ಅಂತ ಮುಖ ತಪ್ಪಿಸಬೇಡ.

ನಿನ್ನ ಅಕ್ಕ,
ಪೆರಿಯನಾಯಕಿ

ಕವರು ಅಂಟಿಸುವ ಮುಂಚೆ: ಮೇ ಒಂದರಂದು ಗ್ರಾಮಸಭೆ ಇದೆ. ಬಾ. ನನ್ನ ಮನೆಯ ಅಡುಗೆಮನೆಯಲ್ಲಿ ಕಣ್ಣೀರು ಹಾಕಿ ಹೋಗಲು ಬರಬೇಡ, ಸಭೆಗೆ ಬಾ. ಟೀ ಅಂಗಡಿಯಲ್ಲಿ ಹೇಳಿದ್ದು ತಮಿಳಿನಲ್ಲಿ, ಹಾಗಾಗಿ ಇದನ್ನೂ ತಮಿಳಿನಲ್ಲೇ ಹೇಳು, ಅದೇ ಜನರ ಮುಂದೆ, ಮೈಕು ಹಿಡಿದು: ಪೈಪು ಹಳ್ಳಕ್ಕೆ ಸೇರಿಲ್ಲ, ಮುಚ್ಚಿದ್ದು ನಾನು, ಮುಚ್ಚು ಎಂದವರು ಇಂಥವರು. ಸಾಂತಿಗೆ ಬರಲು ಹೇಳಿದ್ದೇನೆ, ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಯಾಕೆ ಅಂತ ಅವಳಿಗೆ ಹೇಳಿಲ್ಲ. ಈ ಕಾಗದ ಓದಬಲ್ಲವರು ಊರಿನಲ್ಲಿ ಬೇರೆ ಯಾರೂ ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡ, ಈಗಷ್ಟೇ ಇದರ ವಿಷಯವನ್ನು ತಮಿಳಿನಲ್ಲಿ ಬರೆದಿಟ್ಟಿದ್ದೇನೆ. ನಿನ್ನ ಕುರ್ಚಿ ಖಾಲಿ ಇದ್ದರೆ ಎದ್ದು ಓದುವವಳು ನಾನು. ನನಗೆ ಮಾರುತ್ತರ ಬರೆಯಬೇಡ. ಉತ್ತರ ಕೊಡಬೇಕಾದದ್ದು ಸಾಂತಿಗೆ, ಊರೆಲ್ಲ ಕೇಳುವಂತೆ.