ನರಿಗೆ ಬಿದ್ದ ಗುಂಡು

ಅಕ್ಟೋಬರ್ 27, 1927

ಹತ್ತಕ್ಕೆ ಎದ್ದೆ. ನನ್ನ ಸೇವಕ ಪಿಮ್ ಬಿಸಿನೀರು ತಂದಿಟ್ಟು ಪರದೆ ಸರಿಸಿದ. ಮೂವತ್ತಾರು ವರ್ಷದ ಗಂಡಸಿಗೆ ಬೂಟು ಹಾಕುವುದು ಅವನ ಕೆಲಸ. ಹಾಕಿಸಿಕೊಳ್ಳುವುದು ನನ್ನದು. ಅಪ್ಪ ಸಾಯಲಿ ಎಂದು ಕಾಯುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ... ಇಲ್ಲಿ ಬರೆಯಬಹುದು, ಊಟದ ಮೇಜಿನಲ್ಲಿ ಹೇಳುವಂತಿಲ್ಲ.

ಅಕ್ಟೋಬರ್ 29, ಸಂಜೆ

ಬಂದೂಕು ಹಿಡಿದು ಕೆಳಗಿನ ಕಾಡಿಗೆ ಹೋಗಿದ್ದೆ, ಸುಮ್ಮನೆ. ಬೇಲಿ ತಂತಿಯಲ್ಲಿ ಒಂದು ಹೆಣ್ಣು ನರಿ. ಹಿಂಗಾಲು ಮುರಿದಿತ್ತು. ತನ್ನ ಕಾಲನ್ನು ತಾನೇ ಕಡಿಯುತ್ತಿತ್ತು. ನೋಡಲಾಗಲಿಲ್ಲ. ಹೊಡೆದೆ.

ನಮ್ಮ ಸೀಮೆಯಲ್ಲಿ ನರಿಯನ್ನು ನಾಯಿಗಳೇ ಹರಿಯಬೇಕು, ನಾವು ಕುದುರೆಯ ಮೇಲೆ ಹಿಂದೆ ಓಡಬೇಕು. ಗುಂಡು ಹೊಡೆದವನು ಜಾತಿಗೆಟ್ಟವನು. ಮನುಷ್ಯನನ್ನು ಕೊಂದವನಿಗಾದರೂ ಒಬ್ಬ ವಕೀಲ ಸಿಗುತ್ತಾನೆ.

ನವೆಂಬರ್ 2

ಬೇಟೆಯವರಿಗೆ ನರಿಯ ಹೆಣ ಸಿಕ್ಕಿದೆ. ಅಪ್ಪನ ಕೋಣೆಗೆ ಹೋಗಿ ಹೊಡೆದದ್ದು ನಾನೆಂದು ಹೇಳಿದೆ. ವಾತದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಾಗಾದ್ರೆ ಹೊಡೆದದ್ದು ಟಕ್‌ವೆಲ್."

ಟಕ್‌ವೆಲ್ ನಮ್ಮ ಕಾಡುಕೋಳಿ ಕಾಯುವವನು. ಅವನಿಗೆ ನರಿ ಕಂಡರಾಗದು, ಎಲ್ಲರಿಗೂ ಗೊತ್ತು.

"ಅಪ್ಪ, ಅವನಿಗೆ ನಾಲ್ಕು ಮಕ್ಕಳು. ಇರೋ ಮನೇನೂ ನಮ್ಮದು."

"ನನಗಿರೋನು ಒಬ್ಬನೇ. ಅವನೂ ಹೀಗೆ. ಗಂಟೆ ಹೊಡಿ, ಚಹಾ ತರಲಿ."

ಹೊಡೆದೆ.

ನವೆಂಬರ್ 4

ಅಪ್ಪ ಗುರುವಾರದೊಳಗೆ ಮನೆ ಖಾಲಿ ಮಾಡಬೇಕೆಂದು ಟಕ್‌ವೆಲ್‌ಗೆ ಹೇಳಿಕಳಿಸಿದ್ದಾರೆ. ಈ ಸೀಮೆಯಲ್ಲಿ ಇನ್ನು ಯಾರೂ ಅವನಿಗೆ ಕೆಲಸ ಕೊಡುವುದಿಲ್ಲ.

ಸೋಮವಾರ ಈ ವರ್ಷದ ದೊಡ್ಡ ಬೇಟೆಯ ಮೊದಲ ದಿನ. ಎಲ್ಲರೂ ನಮ್ಮ ಅಂಗಳದಲ್ಲೇ ಸೇರುತ್ತಾರೆ. ಹೇಳಿಬಿಡುತ್ತೇನೆ. ಕ್ಲಬ್ಬಿನಿಂದ ಹೊರಗೆ ಹಾಕಲಿ, ಕಂಡಾಗ ಮುಖ ತಿರುಗಿಸಲಿ. ಹುಟ್ಟಿದ್ದಕ್ಕೆ ಒಂದು ಕೆಲಸವಾದರೂ ಮಾಡಿದಂತಾಗುತ್ತದೆ.

ನವೆಂಬರ್ 7

ಹೇಳಿದೆ. ಎಲ್ಲರೂ ಕುದುರೆಯ ಮೇಲೆ, ಕೈಯಲ್ಲಿ ಮದ್ಯದ ಬಟ್ಟಲು. ನಾನು ಮೆಟ್ಟಿಲ ಮೇಲೆ. "ನರಿಗೆ ಹೊಡೆದದ್ದು ನಾನು. ಟಕ್‌ವೆಲ್ ಅಲ್ಲ."

ಬೇಟೆಯ ಯಜಮಾನ ಕರ್ನಲ್ ಫೆನ್‌ಶಾ ಟೋಪಿ ತೆಗೆದ.

"ನೋಡ್ರಯ್ಯಾ, ಆಳಿನ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ತಿದಾನೆ. ಮನೆತನ ಅಂದ್ರೆ ಇದು."

"ನಿಜವಾಗಿ ನಾನೇ, ಕರ್ನಲ್."

"ಬಿಡೋ ಆಂಬ್ರೋಸ್. ಕೂತ ಹಕ್ಕಿಗೆ ಗುರಿ ಇಟ್ರೆ ಅದು ಗೂಡು ಕಟ್ಟಿ ಮರಿ ಮಾಡೋವಷ್ಟು ಹೊತ್ತು ಬೇಕು ನಿಂಗೆ."

ಎಲ್ಲರೂ ನಕ್ಕರು. ಹೆಂಗಸರು ನನ್ನ ದೊಡ್ಡತನಕ್ಕೆ ಕಣ್ಣೊರೆಸಿಕೊಂಡರು. ಅಪ್ಪ ಕಿಟಕಿಯಿಂದ ನೋಡುತ್ತಿದ್ದರು, ಜೀವಮಾನದಲ್ಲಿ ಮೊದಲ ಸಲ ನನ್ನ ಬಗ್ಗೆ ಹೆಮ್ಮೆಯಿಂದ. ನನಗೆ ಹೇಸಿಗೆಯಾಯಿತು.

ನವೆಂಬರ್ 10

ಟಕ್‌ವೆಲ್ ಮನೆಗೆ ಹೋದೆ. ಅವನು ಗಾಡಿಗೆ ಮಂಚ ಏರಿಸುತ್ತಿದ್ದ, ತಲೆಯೆತ್ತಲಿಲ್ಲ. ಹೆಂಡತಿ ಡಾರ್ಕಸ್ ಬಾಗಿಲಿಗೆ ಬಂದಳು.

"ನಾನು ಎಲ್ಲರೆದುರಿಗೂ ಹೇಳಿದೆ, ಡಾರ್ಕಸ್."

"ಕೇಳ್ದೆ ಧಣಿ. ಊರೆಲ್ಲ ನಿಮ್ದೇ ಹೊಗಳಿಕೆ. ನೀವು ನಿಜ ಹೇಳಿದ್ರೂ ನಿಮ್ಗೇ ಒಳ್ಳೇದಾಗುತ್ತೆ, ನೋಡಿ."

ಒಂದು ಪೆಟ್ಟಿಗೆ ಎತ್ತಿಕೊಡಲು ಹೋದೆ.

"ಬಿಡಿ. ನಿಮ್ಗೆ ಅಭ್ಯಾಸ ಇಲ್ಲ."

ರಾತ್ರಿ ಎಂಟು

ಕರ್ನಲ್ ಮನೆಯಲ್ಲಿ ಊಟ, ನನ್ನ ಗೌರವಕ್ಕಂತೆ. ಹೋಗಬಾರದು. ಹೋದರೆ ಟಕ್‌ವೆಲ್ ಮೇಲಿನ ಆ ಸುಳ್ಳಿಗೆ ನಾನೇ ಮೊಹರು ಒತ್ತಿದಂತೆ. ನಿಂತೇ ಬರೆಯುತ್ತಿದ್ದೇನೆ. ಪಿಮ್ ಕೋಟು ಹಿಡಿದು ಹಿಂದೆ ನಿಂತಿದ್ದಾನೆ. ಬರುವುದಿಲ್ಲ ಎಂದು ಹೇಳಿಕಳಿಸು ಅನ್ನಬೇಕು ಅವನಿಗೆ. ಈಗಲೇ ಅನ್ನಬೇಕು... ಎಡದ ತೋಳು ಯಾವಾಗ ಒಳಗೆ ಹೋಯಿತೋ ತಿಳಿಯಲಿಲ್ಲ. "ಇನ್ನೊಂದು ಕೈ ಕೊಡಿ ಧಣಿ" ಅನ್ನುತ್ತಿದ್ದಾನೆ. ಬರೆಯುವ ಕೈ —