ನಮ್ಮ ಹೆಸರಿನಲ್ಲಿ ಹೋದ ಮೇಲ್

ಡಿಸೆಂಬರ್ 9, ಸೋಮವಾರ, ಬೆಳಿಗ್ಗೆ

ಎರಡನೇ ರೂಮಿನವರು ಹೊರಟರು. ಹಾಸಿಗೆ ಬಟ್ಟೆ ನೆನೆಹಾಕಿ, ಚಹಾ ಹಿಡಿದು ಮೇಲ್ ನೋಡಿದೆ. ಸೀಸನ್. ಹಂಪಿಗೆ ಬರುವವರೆಲ್ಲ ಕಮಲಾಪುರದಲ್ಲಿ ರೂಮ್ ಕೇಳುವ ಕಾಲ. ಒಂದು ಮೇಲ್ ಹೀಗಿತ್ತು. 'ನಿಮ್ಮ ಹೋಂಸ್ಟೇ ಹಾಸಿಗೆಯಲ್ಲಿ ತಿಗಣೆ. ಫೋಟೋ ನೋಡಿ. ಇವತ್ತೇ ಉತ್ತರ ಕೊಡದಿದ್ದರೆ ಎಲ್ಲ ಕಡೆ ಹಾಕುತ್ತೇವೆ.' ತಿಗಣೆ! ನನ್ನ ಮನೆಯಲ್ಲಿ! ಲಿಂಕ್ ಒತ್ತಿದೆ. ಮತ್ತೆ ಮೇಲ್‌ನ ಪಾಸ್‌ವರ್ಡ್ ಕೇಳಿತು. ಹಾಕಿದೆ. ಫೋಟೋ ಬರಲೇ ಇಲ್ಲ. ನೆಟ್‌ವರ್ಕ್ ಇಲ್ಲ ಅಂದುಕೊಂಡೆ...

ಡಿಸೆಂಬರ್ 11, ಬುಧವಾರ

ಇಳಕಲ್ಲಿನಿಂದ ಅನುಸೂಯಾ ಎಂಬುವರ ಫೋನ್. 21ಕ್ಕೆ ತಾಯಿಯನ್ನು ಕರೆದುಕೊಂಡು ಬರುವವರು.

"ನೀವು ಬರೆದ ಹೊಸ ಅಕೌಂಟಿಗೆ ಈಗ ರೊಕ್ಕ ಹಾಕೀನ್ರಿ. ಮುಟ್ಟೇತೇನ್ರಿ?"

ಯಾವ ಹೊಸ ಅಕೌಂಟ್? ಕಳಿಸಿದ ಮೇಲ್‌ಗಳ ಪಟ್ಟಿ ತೆರೆದೆ. ನನ್ನ ಹೆಸರು, ನನ್ನ ವಿಳಾಸ — ನಾನು ಬರೆಯದ ಮಾತು. ಬುಕಿಂಗ್ ಮಾಡಿದ ಎಲ್ಲರಿಗೂ ಹೋಗಿದೆ. 'ಅಡ್ವಾನ್ಸ್ ಈ ಖಾತೆಗೆ ಹಾಕಿ, ಇಲ್ಲದಿದ್ದರೆ ರೂಮ್ ರದ್ದು.' ಸೋಮವಾರ ಆ ಲಿಂಕಿನಲ್ಲಿ ಹಾಕಿದ ಪಾಸ್‌ವರ್ಡ್...

"ಅದು ನಾ ಕಳಿಸಿದ್ದಲ್ರಿ. ನನ್ನ ಮೇಲ್‌ನಾಗ ಯಾರೋ ಹೊಕ್ಕಾರ. ತಡ ಮಾಡಬ್ಯಾಡ್ರಿ, ಈಗ್ಲೇ ಸೈಬರ್ ಪೊಲೀಸರ 1930 ನಂಬರಿಗೆ ಫೋನ್ ಹಚ್ರಿ. ಬ್ಯಾಂಕಿಗೂ ಹೇಳ್ರಿ."

"ನಿಮ್ಮನ್ನ ಹೆಂಗ ನಂಬ್ಲಿರಿ ಈಗ?"

ಅಷ್ಟು ಹೇಳಿ ಫೋನ್ ಇಟ್ಟರು.

ಅದೇ ದಿನ, ಸಂಜೆ

ಪಾಸ್‌ವರ್ಡ್ ಬದಲಿಸಿದೆ. ಲಾಗಿನ್ ಮಾಡಿದರೆ ನನ್ನ ಫೋನಿಗೆ ಕೋಡ್ ಬರುವಂತೆ ಇಟ್ಟೆ. ಹೊಸಪೇಟೆಗೆ ಹೋಗಿ ದೂರು ಕೊಟ್ಟು ಬಂದೆ. ಉಳಿದವರಿಗೆ ಫೋನ್‌ನಲ್ಲೇ ಹೇಳಬೇಕು — ಇನ್ನು ನನ್ನ ಮೇಲ್ ಯಾರು ನಂಬುತ್ತಾರೆ?

ಯಜಮಾನರು ತಡೆದರು. "ಸುಮ್ನಿರು ಗಾಯತ್ರಿ. ಹೇಳಿಕೊಂತ ಹೋದ್ರ ಹೆಸರು ಕೆಡ್ತತಿ. ಸೀಸನ್ ಹೋತು ನೋಡು."

"ಸುಮ್ನಿದ್ರ ಇನ್ನೊಬ್ರು ರೊಕ್ಕ ಹಾಕ್ತಾರ."

ಎದ್ದು ಹೊರಗೆ ಹೋದರು. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆ. ಒಬ್ಬರು ಬೈದರು. ಇಬ್ಬರು ಬರುವುದೇ ಇಲ್ಲ ಅಂದರು. ಸದ್ಯ, ಬೇರೆ ಯಾರೂ ಹಣ ಹಾಕಿರಲಿಲ್ಲ.

ಡಿಸೆಂಬರ್ 16, ಸೋಮವಾರ

ಮನೆಯಲ್ಲಿ ಮಾತು ಕಡಿಮೆ. ರೂಮ್ ಖಾಲಿ. ಅನುಸೂಯಾ ಅವರ ಸುದ್ದಿ ಇಲ್ಲ. ಅವರ ರೂಮ್ ಯಾರಿಗೂ ಕೊಟ್ಟಿಲ್ಲ.

ಡಿಸೆಂಬರ್ 21, ಶನಿವಾರ, ಸಂಜೆ

ಬಂದರು! ತಾಯಿಯ ಕೈ ಹಿಡಿದು ನಿಧಾನ ಮೆಟ್ಟಿಲು ಹತ್ತಿಸಿದರು. ಕಳ್ಳ ತೆಗೆಯುವ ಮೊದಲೇ ಬ್ಯಾಂಕಿನವರು ಹಣ ತಡೆದಿದ್ದಾರಂತೆ. ಕೈಗೆ ಬರಲು ಇನ್ನೂ ಸಮಯ ಬೇಕು.

"ಅವತ್ತು ನಿಮ್ಮ ಮ್ಯಾಲ ಭಾಳ ಸಿಟ್ಟು ಬಂದಿತ್ರಿ," ಅಂದರು. "ಠಾಣೆದಾಗ ಅಂದ್ರು, ನೀವು ಜಲ್ದಿ ಹೇಳಿದ್ದಕ್ಕ ರೊಕ್ಕ ಉಳೀತು ಅಂತ. ಅವ್ವಗ ಹೇಳ್ದೆ — ಹೋದ್ರ ಆ ಮನಿಗೇ ಹೋಗೂಣು."

ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಅಡ್ವಾನ್ಸ್ ಮಾತು ಎತ್ತಲಿಲ್ಲ. ಆ ತಾಯಿ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಎಷ್ಟೋ ದಿನದ ಮೇಲೆ ನನಗೂ ಊಟ ರುಚಿಸಿತು.

ಈಗ ಕಟ್ಟೆಯ ಮೇಲೆ ಯಜಮಾನರು ಫೋನಿನಲ್ಲಿದ್ದಾರೆ. ಯಾರೋ ಹೊಸಬರು ರೂಮ್ ಕೇಳುತ್ತಿರಬೇಕು.

"ಮೊದ್ಲ ಒಂದು ಮಾತು ಹೇಳಿಬಿಡ್ತೀನ್ರಿ. ನಮ್ಮ ಮೇಲ್ ಕಳುವಾಗಿತ್ತು. ಅಕೌಂಟ್ ಬದಲಾಗೇತಿ ಅಂತ ಏನರ ಬಂದ್ರ ನಂಬಬ್ಯಾಡ್ರಿ, ಫೋನ್ ಮಾಡಿ ಕೇಳ್ರಿ... ಹೂಂರಿ. ನಮ್ಮ ಮನಿಯಾಕಿ ಎಲ್ಲಾರಿಗೂ ತಾನ ಹೇಳ್ಯಾಳ. ನಾ ಬ್ಯಾಡ ಅಂದಿದ್ದೆ..."

ಇನ್ನೂ ಏನೋ ಹೇಳುತ್ತಿದ್ದಾರೆ. ಪೆನ್ನು ಕೆಳಗಿಟ್ಟು ಕೇಳಬೇಕು —